ಬೆಥೆಲ್ ಬೀದಿಯ ನಲವತ್ತೇಳನೇ ನಂಬರು

ಬೆಳಿಗ್ಗೆ ಒಂಬತ್ತೂವರೆಗೆ ಗ್ರಂಥಾಲಯದ ಬಾಗಿಲು ತೆರೆದಾಗ ರೋಲಂಡ್ ಯಾರ್ಡ್ಲಿ ಮೊದಲನೆಯವನಾಗಿ ನಿಂತಿದ್ದ. ಮೇಲಿನ ಮಹಡಿಯ ದಾಖಲೆ ಕೋಣೆ ಸೇರುವಷ್ಟರಲ್ಲಿ ಎರಡನೆಯವನಾಗಿದ್ದ. ಮೆಟ್ಟಿಲಿನ ತಿರುವಿನಲ್ಲಿ ಮಂಡಿ ಹಿಡಿದುಕೊಂಡು ಒಂದು ಕ್ಷಣ ನಿಂತದ್ದೇ ತಪ್ಪಾಯಿತು. ಹಳದಿ ಮಳೆಯಂಗಿಯ ಹೆಂಗಸೊಬ್ಬಳು ಅವನನ್ನು ದಾಟಿ ಹೋಗಿ, ಇದ್ದ ಮೂರು ಮೈಕ್ರೋಫಿಲ್ಮ್ ಯಂತ್ರಗಳಲ್ಲಿ ಎರಡು ಕೆಟ್ಟಿದ್ದರಿಂದ, ಉಳಿದ ಒಂದರ ಮುಂದೆ ಕೂತು ತನ್ನ ಮುತ್ತಜ್ಜಿಯನ್ನು ಹುಡುಕತೊಡಗಿದ್ದಳು. ರೋಲಂಡನಿಗೆ ಬೇಕಾಗಿದ್ದದ್ದು ಒಂದೇ ಒಂದು ಪುಟ. ಸಾವಿರದ ಎಂಟುನೂರ ಎಪ್ಪತ್ತೊಂದರ ಜನಗಣತಿಯ ಒಂದು ಪುಟದ ನಕಲು, ಐದು ನಿಮಿಷದ ಕೆಲಸ. ಮಧ್ಯಾಹ್ನ ಮೂರಕ್ಕೆ ಪುರಸಭೆಯ ಕಟ್ಟಡ ಸಮಿತಿಯ ಮೇಜಿನ ಮೇಲೆ ಅದನ್ನಿಟ್ಟು, ಒಬಡಾಯ ಸ್ಪರಿಯರ್ ಬಾಳಿದ್ದು ಇದೇ ಮನೆಯಲ್ಲಿ ಎಂದು ತೋರಿಸಿದರೆ ಬೆಥೆಲ್ ಬೀದಿಯ ನಲವತ್ತೇಳನೇ ನಂಬರಿನ ಮನೆ ಊರಿನ ಉಳಿಸಬೇಕಾದ ಕಟ್ಟಡಗಳ ಪಟ್ಟಿಗೆ ಸೇರುತ್ತದೆ. ಸೇರದಿದ್ದರೆ, ವರ್ತುಲ ರಸ್ತೆಯನ್ನು ಅಗಲ ಮಾಡಲು ಬರುವ ಮಾರ್ಚಿನಲ್ಲಿ ಅದನ್ನೂ ಅದರ ಗೋಡೆಗೆ ಅಂಟಿಕೊಂಡ ಆರು ಮನೆಗಳನ್ನೂ ಕೆಡವುತ್ತಾರೆ. ನಲವತ್ತೇಳರಲ್ಲಿ ಮಿಸೆಸ್ ವರ್ನಾ ಪಿನಕ್ ಎಂಬ ಮುದುಕಿ ಒಬ್ಬಳೇ ಇದ್ದಾಳೆ, ನಿವೃತ್ತ ನರ್ಸು. "ನಿಮ್ಮ ಮನೆಗೆ ಏನೂ ಆಗೋಕೆ ನಾನು ಬಿಡಲ್ಲ" ಎಂದು ಅವಳ ಅಡುಗೆಮನೆಯಲ್ಲಿ ಕೂತು ಅವಳ ಶುಂಠಿ ಕೇಕು ತಿನ್ನುತ್ತ ರೋಲಂಡ್ ಮಾತು ಕೊಟ್ಟು ಎಂಟು ತಿಂಗಳಾಗಿತ್ತು.

ಸ್ಪರಿಯರ್ ಶವಪೆಟ್ಟಿಗೆಯ ಹಿಡಿಕೆಗಳನ್ನು ತಯಾರಿಸುತ್ತಿದ್ದವನು. ಉಳ್ಳವರಿಗೆ ಹಿತ್ತಾಳೆಯದು, ಇಲ್ಲದವರಿಗೆ ತವರ ಬಳಿದ ಕಬ್ಬಿಣದ್ದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಸೀಮೆಯಲ್ಲಿ ಸತ್ತವರಲ್ಲಿ ಅರ್ಧ ಜನ ಮಣ್ಣಿಗೆ ಹೋದದ್ದು ಅವನ ಹಿಡಿಕೆಯ ಮೇಲೆಯೇ ಎಂದು ರೋಲಂಡ್ ತನ್ನ ಭಾಷಣಗಳಲ್ಲಿ ಹೇಳುತ್ತಿದ್ದ, ಜನ ಪ್ರತಿ ಸಲವೂ ಅದೇ ಜಾಗದಲ್ಲಿ ನಗುತ್ತಿದ್ದರು. ಹೆಂಡತಿ ಬೆರಿಲ್ ಮಾತ್ರ ಮೂರನೇ ಸಲಕ್ಕೇ ನಗುವುದನ್ನು ಬಿಟ್ಟಳು. "ಸತ್ತೋರ ಮನೆ ಹುಡುಕ್ಕೊಂಡು ಊರೆಲ್ಲ ಸುತ್ತು. ಬದುಕಿರೋರ ಮನೇಲಿ ನಲ್ಲಿ ಸೋರ್ತಾ ಇದೆ, ಅದಕ್ಕೊಂದು ವಾಷರ್ ಹಾಕೋಕೆ ಸ್ಪರಿಯರ್ ಬರ್ತಾನಾ?" ಎಂದು ಇವತ್ತು ಬೆಳಿಗ್ಗೆಯೂ ಕೇಳಿದ್ದಳು. ಅವನು ಟೈ ಕಟ್ಟಿಕೊಂಡು ಹೊರಟಿದ್ದ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು ಅವನು. ಯಾವ ಬೀದಿಯ ಯಾವ ನಂಬರು ಎಲ್ಲಿದೆ ಎಂದು ನಿದ್ದೆಯಲ್ಲೂ ಹೇಳಬಲ್ಲವನು. ಅಂಥವನು ಚರಿತ್ರೆ ಸಂಘದ ಕಾರ್ಯದರ್ಶಿಯಾದ ಮೇಲೆ ಊರಿನಲ್ಲಿ ಯಾರೂ ಒಂದು ಇಸವಿಯನ್ನು ಧೈರ್ಯವಾಗಿ ಉಚ್ಚರಿಸುವಂತಿರಲಿಲ್ಲ. ಅದನ್ನು ಅವನು ತನಗೆ ಸಿಗುವ ಗೌರವ ಎಂದುಕೊಂಡಿದ್ದ.

ಹತ್ತೂಕಾಲಾದರೂ ಹಳದಿ ಅಂಗಿ ಏಳಲಿಲ್ಲ. ರೋಲಂಡ್ ಅವಳ ಬೆನ್ನ ಹಿಂದೆ ಎರಡು ಸಲ ಕೆಮ್ಮಿದ.

"ಇನ್ನೂ ಎಷ್ಟು ಹೊತ್ತಾಗತ್ತಮ್ಮಾ?"

"ಅಜ್ಜಿ ಸಿಗೋವರೆಗೆ."

"ಯಾವ ಬೀದಿ?"

"ಬೀದಿ ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ, ನೇರ ಅಲ್ಲಿಗೇ ಹೋಗ್ತಿರಲಿಲ್ವಾ?" ಎಂದು ನಕ್ಕು, ಸ್ವಲ್ಪ ಹೊತ್ತಿಗೆ ಅವಳೇ ಕರೆದಳು. "ರೀ, ಸಿಕ್ಲು ನೋಡಿ! ಹಾನಾ ಬೇಟ್ಸ್. ಮನೆ ನಂಬರು ನೂರಾ ಮೂರು."

ರೋಲಂಡ್ ಬಗ್ಗಿ ನೋಡಿದ. ತನಗರಿವಿಲ್ಲದೆಯೇ ಅವನ ಗಂಟಲಿಗೆ ಆ ಹಳೆಯ ದನಿ ಬಂತು, ಮಂಗಳವಾರ ಸಂಜೆ ಸಂಘದ ಹೊಸಬರಿಗೆ ಪಾಠ ಹೇಳುವಾಗ ಬರುವಂಥದು. "ಅದು ಮನೆ ನಂಬರಲ್ಲ ತಾಯೀ. ಗಣತಿಯವನು ಮನೆಮನೆಗೆ ಒಂದೊಂದು ಫಾರಂ ಕೊಡ್ತಿದ್ದ, ಮೊದಲನೇ ಅಂಕಣದಲ್ಲಿರೋದು ಆ ಫಾರಂ ನಂಬರು. ಮನೆ ನಂಬರು ಎರಡನೇದರಲ್ಲಿ. ಅದು ಖಾಲಿ ಇದ್ರೆ ಖಾಲಿ, ಅಷ್ಟೇ. ಹೊಸಬರೆಲ್ಲ ಮೊದಲು ಬೀಳೋದು ಇದೇ ಗುಂಡಿಗೆ."

"ಅಯ್ಯೋ, ನನ್ನ ತಲೆಗಿಷ್ಟು!" ಎಂದು ಅವಳು ಏನೂ ಬೇಸರವಿಲ್ಲದೆ ನಂಬರನ್ನು ಅಳಿಸಿ, ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಇನ್ನೊಬ್ಬರ ತಪ್ಪು ತಿದ್ದಿದಾಗ ಮೈಯಲ್ಲಿ ಹರಿಯುವ ಬೆಚ್ಚನೆಯ ನೆಮ್ಮದಿಯೊಂದಿದೆ. ಅದರಲ್ಲೇ ರೋಲಂಡ್ ಕೂತು, ಸುರುಳಿ ಹಾಕಿ, ಹಿಡಿ ತಿರುಗಿಸಿದ. ಬೆಥೆಲ್ ಬೀದಿ ಬಂತು. ಚಮ್ಮಾರರು, ಬೀಗ ಮಾಡುವವರು, ಒಬ್ಬ ಪಾದ್ರಿ. ನಂತರ ಒಬಡಾಯ ಸ್ಪರಿಯರ್, ವಯಸ್ಸು ಐವತ್ತೆರಡು, ಶವಪೆಟ್ಟಿಗೆ ಹಿಡಿಕೆ ತಯಾರಕ, ಅರವತ್ತು ಆಳುಗಳ ಒಡೆಯ. ನಲವತ್ತೇಳು. ಆ ನಲವತ್ತೇಳು ಮೊದಲನೇ ಅಂಕಣದಲ್ಲಿತ್ತು. ಎರಡನೆಯದರಲ್ಲಿ ಬೀದಿಯ ಹೆಸರಿನ ಕೆಳಗೆ ಎರಡು ಗೀಟು, ಮೇಲಿನಂತೆಯೇ ಎಂಬುದಕ್ಕೆ, ನಂಬರು ಇರಲಿಲ್ಲ. ಹಿಂದಿನದು ನಲವತ್ತಾರು, ಮುಂದಿನದು ನಲವತ್ತೆಂಟು, ಅದರ ಮುಂದಿನದು ಬೇರೆಯೇ ಗಲ್ಲಿಗೆ ಹೊರಳಿ ನಲವತ್ತೊಂಬತ್ತು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಐದು ವರ್ಷದ ಹಿಂದೆ, ಅವನೂ ಹೊಸಬನಾಗಿದ್ದಾಗ, ಸಂಘಕ್ಕೆ ಸೇರಿದ ಮೊದಲ ತಿಂಗಳಲ್ಲಿ, ಇದೇ ಕುರ್ಚಿಯಲ್ಲಿ ಕೂತು ಪೆನ್ಸಿಲಿನಲ್ಲಿ ಗೀಚಿಕೊಂಡದ್ದು ಆ ನಲವತ್ತೇಳು. ಆಮೇಲೆ ಎಲ್ಲವನ್ನೂ ಕಲಿತ, ಕಲಿತದ್ದನ್ನೆಲ್ಲ ಕಲಿಸಿದ, ಆ ಒಂದು ಚೀಟಿಯನ್ನು ಮಾತ್ರ ತಿರುಗಿ ನೋಡಲಿಲ್ಲ. ಬೀದಿಗೆ ಹೋಗಿ ನೋಡಿದಾಗ ನಲವತ್ತೇಳಕ್ಕೆ ಮುಂಚಾಚಿದ ಕಿಟಕಿಯಿತ್ತು, ಬಾಗಿಲ ಮೇಲೆ ಬಣ್ಣದ ಗಾಜಿತ್ತು, ಕಾರ್ಖಾನೆಯ ಒಡೆಯನ ಮನೆ ಹೀಗಲ್ಲದೆ ಇನ್ನು ಹೇಗಿರುತ್ತದೆ ಎಂದುಕೊಂಡಿದ್ದ. ಪಕ್ಕದವನ ಎಲೆಯಲ್ಲಿ ಬಿದ್ದ ನೊಣ ಕಂಡಿತ್ತು, ತನ್ನ ಎಲೆಯಲ್ಲಿ ಸತ್ತು ಬಿದ್ದ ಹೆಗ್ಗಣ ಕಂಡಿರಲಿಲ್ಲ.

"ಸಿಕ್ರಾ ನಿಮ್ಮೋರು?" ಹಳದಿ ಅಂಗಿಯವಳು ಹಿಂದಿನಿಂದ ಇಣುಕಿದಳು.

"ಸಿಕ್ರು" ಎಂದ ರೋಲಂಡ್, ಪರದೆಯ ಮೇಲೆ ಕೈ ಅಡ್ಡವಿಟ್ಟು. ಅಂಗೈಯ ಮೇಲೆ ಆ ಪುಟದ ಬೆಳಕು ಬಿತ್ತು.

ಇನ್ನೂ ದಾರಿಯಿತ್ತು. ಸ್ಪರಿಯರ್ ನಿಜವಾಗಿಯೂ ನಲವತ್ತೇಳರಲ್ಲೇ ಇದ್ದಿರಬಹುದಲ್ಲ, ಎರಡು ನಂಬರೂ ಒಂದೇ ಆಗಿರಬಹುದಲ್ಲ, ಜಗತ್ತಿನಲ್ಲಿ ಅಂಥ ಕಾಕತಾಳೀಯ ನಡೆದೇ ಇಲ್ಲವೆ. ಅವನು ಮೇಜಿಗೆ ಹೋಗಿ ಮಿಸ್ ಹೆಬ್ಡನ್ನಳನ್ನು ಹಳೆಯ ವ್ಯಾಪಾರಿಗಳ ವಿಳಾಸ ಪುಸ್ತಕ ಕೇಳಿದ. ದಾಖಲೆ ಕೋಣೆಯ ಒಡತಿ ಅವಳು. ಅಲ್ಲಿ ಪೆನ್ಸಿಲಿಗೆ ಮಾತ್ರ ಅನುಮತಿ, ಯಾರ ಜೇಬಿನಲ್ಲಿ ಪೆನ್ನಿದ್ದರೂ ಅವಳ ಮೂಗಿಗೆ ವಾಸನೆ ಬಡಿಯುತ್ತಿತ್ತು.

"ಪೆನ್ನು ಒಳಗಿಡಿ. ಯಾವ ವರ್ಷದ್ದು? ಎಪ್ಪತ್ತೆಂಟರದ್ದು ಹಾಳೆ ಬಿಟ್ಕೊಂಡಿತ್ತು, ಹೊಲಿಗೆಗೆ ಹೋಗಿದೆ. ಎಪ್ಪತ್ತೆರಡರಲ್ಲಿ ಬಿ ಇಂದ ಸಿ ವರೆಗೆ ಹಾಳೆ ಇಲ್ಲ, ಯಾರೋ ಕಿತ್ಕೊಂಡು ಹೋಗಿದಾರೆ."

"ಹೊಲಿಗೆಯಿಂದ ಯಾವಾಗ ಬರತ್ತೆ?"

"ಏಪ್ರಿಲ್."

"ಮಾರ್ಚಿಗೆ ಮನೆ ಕೆಡವ್ತಾರೆ ಮಿಸ್ ಹೆಬ್ಡನ್."

"ನಾನು ಕೆಡವ್ತಿಲ್ಲವಲ್ಲ" ಎಂದು ಅವಳು ಚೀಟಿಯ ಮೇಲೆ ಮುದ್ರೆ ಒತ್ತಿದಳು. ಸಮಾಧಿ ನೋಂದಣಿ ಪುಸ್ತಕ ಜಿಲ್ಲಾ ಕಚೇರಿಗೆ ಹೋಗಿತ್ತು, ಅದನ್ನು ನೋಡಲು ಮೂರು ವಾರ ಮುಂಚೆ ಅರ್ಜಿ ಹಾಕಬೇಕು. ರೋಲಂಡ್ ಮೇಜಿನ ಅಂಚು ಹಿಡಿದು ನಿಂತೇ ಇದ್ದ. ಅವಳಿಗೆ ಸ್ವಲ್ಪ ಕರುಣೆ ಬಂದಿರಬೇಕು, ಅಥವಾ ತೊಲಗಲಿ ಎನ್ನಿಸಿರಬೇಕು. "ವೊರಲ್ ಅವರ ಕಾರ್ಡುಗಳನ್ನ ನೋಡಿದ್ರಾ? ಮೂಲೇಲಿದೆ. ಊರಿನೋರೆಲ್ಲ ಅದನ್ನೇ ಮೊದಲು ನೋಡೋದು."

ಅವನು ನೋಡಿರಲಿಲ್ಲ. ಹನ್ನೊಂದು ಉದ್ದನೆಯ ಡ್ರಾಯರುಗಳು. ಈನಿಡ್ ವೊರಲ್ ಎಂಬ ಶಾಲಾ ಟೀಚರು ಇಪ್ಪತ್ತು ವರ್ಷ ಕೂತು ಬರೆದು ಗ್ರಂಥಾಲಯಕ್ಕೆ ಕೊಟ್ಟದ್ದು. ಅಡುಗೆ ಚೀಟಿಗಳ ಪೆಟ್ಟಿಗೆ ಎಂದು ಸಂಘದಲ್ಲಿ ಅದಕ್ಕೆ ಗೇಲಿಯ ಹೆಸರಿಟ್ಟವನು ರೋಲಂಡನೇ. ಬೆಥೆಲ್ ಪ್ರಾರ್ಥನಾಮಂದಿರದ ಮೇಲೆ ಅವಳೊಂದು ಸಣ್ಣ ಪುಸ್ತಕ ಬರೆದಿದ್ದಳು, ಅದರ ಬಿಡುಗಡೆಯ ದಿನ ಚಹಾ, ಸ್ಪಂಜ್ ಕೇಕು, ಮೂವತ್ತೈದು ಜನ. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಅವನು ಎದ್ದು ನಿಂತಿದ್ದ. ಅಡಿಗಲ್ಲು ಹಾಕಿದ್ದು ಸಾವಿರದ ಎಂಟುನೂರ ಮೂವತ್ತನಾಲ್ಕರಲ್ಲಲ್ಲ ಮೇಡಂ, ಮೂವತ್ತೈದರಲ್ಲಿ. ಮೊದಲ ಪುಟದಲ್ಲೇ ಹೀಗಾದರೆ ಉಳಿದದ್ದನ್ನು ಓದುವವರು ಹೇಗೆ ನಂಬಬೇಕು? ಅವಳ ಕುತ್ತಿಗೆ ಮೊದಲು ಕೆಂಪಾಯಿತು, ಆಮೇಲೆ ಮುಖ. "ಹೌದು, ಹೌದು, ನೀವು ಹೇಳೋದು ಸರಿ" ಎನ್ನುತ್ತ ಅಲ್ಲೇ ಎಲ್ಲರೆದುರು ಅತ್ತುಬಿಟ್ಟಳು. ಮಾರಾಟವಾಗದ ಪ್ರತಿಗಳನ್ನು ತರಕಾರಿಯ ತಳ್ಳುಚೀಲದಲ್ಲಿ ತುಂಬಿಕೊಂಡು ಹೊರಟಾಗ ರೋಲಂಡ್ ಓಡಿಹೋಗಿ ಬಾಗಿಲು ಹಿಡಿದಿದ್ದ. ಬಾಗಿಲು ಹಿಡಿದದ್ದನ್ನು ತನ್ನ ಸಜ್ಜನಿಕೆ ಎಂದು ಎಷ್ಟು ಕಾಲ ನೆನೆಯುತ್ತಿದ್ದ! ಅವಳು ಮತ್ತೆ ಸಂಘಕ್ಕೆ ಬರಲಿಲ್ಲ. ವೇಲ್ಸಿನಲ್ಲಿ ತಂಗಿಯ ಮನೆಗೆ ಹೋದಳಂತೆ, ಎರಡು ವರ್ಷದ ಹಿಂದೆ ತೀರಿಕೊಂಡಳಂತೆ. ಕಾರ್ಡಿನ ಮೇಲೆ ಅವಳ ಟೀಚರಮ್ಮನ ದುಂಡು ಅಕ್ಷರದಲ್ಲಿ ಹೀಗಿತ್ತು: ಸ್ಪರಿಯರ್, ಒಬಡಾಯ. ಬೆಥೆಲ್ ಬೀದಿ ಹನ್ನೆರಡು, ಚಾಪೆಲ್ ಗಲ್ಲಿಯ ಮೂಲೆ. ಆಧಾರ: ಎಪ್ಪತ್ತೆಂಟರ ವಿಳಾಸ ಪುಸ್ತಕ, ಸಮಾಧಿ ನೋಂದಣಿ. ಸಾವು ಸಾವಿರದ ಎಂಟುನೂರ ಎಂಬತ್ತು. ಈ ಬೀದಿಯ ನಂಬರು ಎಂದೂ ಬದಲಾಗಿಲ್ಲ, ಪುರಸಭೆಯ ನಡವಳಿ ನೋಡಿದ್ದೇನೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಮೂರು ಬೇರೆಬೇರೆ ತಾರೀಖು ಹಾಕಿ, 'ಮತ್ತೆ ಪರೀಕ್ಷಿಸಿದೆ', 'ಮತ್ತೆ ಪರೀಕ್ಷಿಸಿದೆ', 'ಮತ್ತೆ ಪರೀಕ್ಷಿಸಿದೆ' ಎಂದಿತ್ತು. ಮೊದಲ ತಾರೀಖು ಆ ಪುಸ್ತಕ ಬಿಡುಗಡೆಯ ಸಭೆ ನಡೆದ ಎರಡು ವಾರದ ನಂತರದ್ದು. ರೋಲಂಡ್ ಪಕ್ಕದ ಕಾರ್ಡು ತೆಗೆದ, ಅದರಲ್ಲೂ ಹಾಗೇ. ಡ್ರಾಯರಿನ ಹಿಂದಕ್ಕೆ ಕೈ ಹಾಕಿ ಇನ್ನೊಂದು ತೆಗೆದ, ಅದರಲ್ಲೂ. ಮಿಸ್ ಹೆಬ್ಡನ್ ಒಂದು ಗಂಟೆಗೆ ಊಟಕ್ಕೆ ಬಾಗಿಲು ಹಾಕುವ ಗಂಟೆ ಬಾರಿಸಿದಳು.

ಬೆಥೆಲ್ ಬೀದಿಯ ಹನ್ನೆರಡು ಎಂಬ ಜಾಗದಲ್ಲಿ ಟೈರು ಅಂಗಡಿಯ ಅಂಗಳವಿತ್ತು. ತಂತಿ ಬೇಲಿ, ಕಪ್ಪು ನೀರಿನ ಹೊಂಡ, ಆಳೆತ್ತರ ಪೇರಿಸಿದ ಹಳೆ ಟೈರುಗಳು. ಮನೆಯ ಒಂದು ಇಟ್ಟಿಗೆಯೂ ಉಳಿದಿರಲಿಲ್ಲ. ಮೇಲಂಗಿ, ಟೈ, ಕೈಯಲ್ಲಿ ಕಡತ ಹಿಡಿದು ಬೇಲಿಯೊಳಗೆ ಇಣುಕುತ್ತಿದ್ದವನನ್ನು ನೋಡಿ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದ. "ಏನ್ ಸಾರ್, ಪಂಕ್ಚರಾ? ಗಾಡಿ ಎಲ್ಲಿ?"

"ಗಾಡಿ ಇಲ್ಲ."

"ಮತ್ತೇನು ನಿಮಗೇ ಗಾಳಿ ಹೊಡೀಬೇಕಾ?"

ಒಳಗಿನಿಂದ ಯಾರೋ ನಕ್ಕರು. ರೋಲಂಡನಿಗೆ ಸಿಟ್ಟು ಬಂತು, ಅಂಗಡಿಯವನ ಮೇಲಲ್ಲ, ಸ್ಪರಿಯರನ ಮೇಲೆ. ಬಾಗಿಲಿಗೊಂದು ಹೆಸರು ಕೊರೆಸಿಟ್ಟು ಸಾಯಬಾರದಿತ್ತೆ ಈ ಮನುಷ್ಯ. ಗಣತಿಯವನ ಮೇಲೂ ಬಂತು. ನಂಬರು ಬರೆಯಲು ಅವನ ಗಂಟೇನು ಹೋಗುತ್ತಿತ್ತು? ಬೀದಿಯುದ್ದಕ್ಕೂ ನಡೆಯುತ್ತ ಒಬ್ಬೊಬ್ಬರನ್ನಾಗಿ ಬೈದ. ನಲವತ್ತೊಂದು, ನಲವತ್ತಮೂರು, ನಲವತ್ತೈದು. ಬೈಯಲು ಇನ್ನು ಒಬ್ಬನೇ ಉಳಿದ ಹೊತ್ತಿಗೆ ಮಿಸೆಸ್ ಪಿನಕ್ಕಳ ಬಾಗಿಲು ಬಂದಿತ್ತು.

ಅವಳು ಆಗಲೇ ಸಭೆಗೆ ಹೊರಡುವ ಉಡುಪಿನಲ್ಲಿದ್ದಳು. ನೀಲಿ ಕೋಟು, ಚರ್ಚಿಗೆ ಹಾಕುವ ಟೊಪ್ಪಿ. "ಬನ್ನಿ ಮಿಸ್ಟರ್ ಯಾರ್ಡ್ಲಿ, ಮುಖ ಯಾಕೆ ಸುಣ್ಣ ಆಗಿದೆ? ಊಟ ಮಾಡಿಲ್ಲ ತಾನೆ. ಕೂತ್ಕೊಳ್ಳಿ" ಎಂದು ತಟ್ಟೆಗೆ ಕಾಳು ಬೆರೆಸಿದ ಅನ್ನ ಹಾಕಿದಳು. ಜಮೈಕಾದಿಂದ ಇಪ್ಪತ್ತೆಂಟನೇ ವಯಸ್ಸಿಗೆ ಬಂದವಳು ಈ ಊರಿನ ಆಸ್ಪತ್ರೆಯಲ್ಲಿ ದುಡಿದು, ಈ ಮನೆಯನ್ನು ಕೊಂಡು, ಗಂಡನನ್ನು ಇದೇ ಮನೆಯಿಂದ ಮಣ್ಣಿಗೆ ಕಳಿಸಿದ್ದಳು.  ರೋಲಂಡ್ ಎರಡು ತುತ್ತು ತಿಂದು ಚಮಚ ಕೆಳಗಿಟ್ಟ.

"ಮಿಸೆಸ್ ಪಿನಕ್, ಒಂದು ವಿಷಯ. ಸ್ಪರಿಯರ್ ಈ ಮನೇಲಿ ಇರಲಿಲ್ಲ. ನಾನು ತಪ್ಪು ಓದ್ಕೊಂಡಿದ್ದೆ."

ಅವಳು ಒಲೆಯ ಕಡೆ ತಿರುಗಿ ನಿಂತಿದ್ದಳು. ಒಲೆ ಆರಿಸಿ ಈ ಕಡೆ ತಿರುಗಿದಳು. "ಇವತ್ತು ಗೊತ್ತಾಯ್ತಾ?"

"ಇವತ್ತು."

"ನಂಗೆ ನೀವು ಮೊದಲ್ನೇ ಸಲ ಬಂದು ಹೋದ ರಾತ್ರಿನೇ ಗೊತ್ತಾಯ್ತು" ಎಂದಳು. ಮನೆ ಕೊಳ್ಳುವಾಗ ವಕೀಲರು ಕೊಟ್ಟ ಕಾಗದ ಪತ್ರ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದವು, ತೆಗೆದು ನೋಡಿದಳಂತೆ. ಈ ಸಾಲು ಕಟ್ಟಿದ್ದು ಸಾವಿರದ ಎಂಟುನೂರ ಎಂಬತ್ತೊಂಬತ್ತರಲ್ಲಿ. "ನಿಮ್ಮ ಮನುಷ್ಯ ಸತ್ತು ಒಂಬತ್ತು ವರ್ಷ ಆಗಿತ್ತು. ದೆವ್ವ ಆಗಿ ಬಾಡಿಗೆಗಿದ್ದನೋ ಏನೋ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಬೇರೆ ಊರಿನ ಗ್ರಂಥಾಲಯಗಳು, ಭೂಪಟಗಳು, ಸಮಾಧಿಗಳು, ಎಂಟು ತಿಂಗಳು ಇದೇ ಅಡುಗೆಮನೆಯ ಇದೇ ಕುರ್ಚಿ. ಇವಳ ಹತ್ತಿರ ಮನೆಯ ಪತ್ರವಿದ್ದೀತು ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳ್ಲಿಲ್ಲ. ಬಂದಾಗೆಲ್ಲ ಸ್ಪರಿಯರ್ ಹೆಂಗಿದ್ದ, ಏನು ಉಣ್ತಿದ್ದ ಅಂತ ನೀವೇ ಹೇಳ್ತಿದ್ರಿ. ನಾನು ಇಲ್ಲಿ ಎಷ್ಟು ವರ್ಷದಿಂದ ಇದೀನಿ ಅಂತಾನೂ ಕೇಳಿದವರಲ್ಲ. ಮೂವತ್ತನಾಲ್ಕು ವರ್ಷ." ದನಿಯಲ್ಲಿ ದೂರಿರಲಿಲ್ಲ. "ಹೇಳಬೇಕಾಗಿತ್ತು, ನಿಜ. ಮನೆ ಉಳಿಯತ್ತಲ್ಲ ಅಂತ ಬಾಯಿ ಮುಚ್ಕೊಂಡೆ. ನನ್ನ ಪಾಪ ನನಗೆ, ಭಾನುವಾರ ದೇವರ ಹತ್ರ ನಾನೇ ಮಾತಾಡ್ಕೋತೀನಿ. ಈಗ ನೀವೇನು ಹೇಳ್ತೀರಿ ಅಲ್ಲಿ?"

"ಗೊತ್ತಿಲ್ಲ."

"ಊಟ ಮುಗ್ಸಿ, ಆರತ್ತೆ" ಎಂದಳು ಅವಳು, ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅತ್ತಿದ್ದರೆ, ಕೈ ಹಿಡಿದಿದ್ದರೆ, ಅವನಿಗೆ ಸುಳ್ಳು ಹೇಳಲು ಒಂದು ಕಾರಣ ಸಿಗುತ್ತಿತ್ತು.

ಪುರಭವನದ ಎರಡನೇ ಮಹಡಿಯಲ್ಲಿ ಏಳು ಜನ ಸದಸ್ಯರು, ನೀರಿನ ಹೂಜಿ, ಬಿಸಿ ಹೆಚ್ಚಾದ ಕೋಣೆ. ಬೆಥೆಲ್ ಬೀದಿಯ ಸರದಿಗೆ ಮುಂಚೆ ನಾಯಿಗಳ ಉದ್ಯಾನದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ರೋಲಂಡ್ ಸತ್ಯವನ್ನು ಬಾಯಲ್ಲಿ ಕೂಡಿಸಿಟ್ಟುಕೊಂಡು ಕೂತಿದ್ದ. ಮಾನ್ಯರೇ, ನನ್ನ ವರದಿಯಲ್ಲಿ ಒಂದು ದೋಷವಿದೆ. ಅದರ ನಂತರ, ಆದರೆ ಆ ಮನೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಒಬ್ಬರು ವಾಸವಿದ್ದಾರೆ, ಅದು ಸಾಲದೇ? ಈ ಎರಡನೇ ವಾಕ್ಯ ಅವನಿಗೇ ಇಷ್ಟವಾಯಿತು, ನಾಲ್ಕೈದು ಸಲ ಒಳಗೇ ಹೇಳಿಕೊಂಡ. ಇಷ್ಟವಾದದ್ದರಿಂದಲೇ ಅದರ ಮೇಲೆ ಅನುಮಾನವೂ ಬಂತು. ಮಿಸೆಸ್ ಪಿನಕ್ ಗೋಡೆಯ ಪಕ್ಕದ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯಲ್ಲಿ ಸರದಿ ಕಾಯುವವರಂತೆ ಕೂತಿದ್ದಳು, ಇವನ ಕಡೆ ನೋಡುತ್ತಿರಲಿಲ್ಲ.

ಕೊನೆಗೆ ಅವನ ಹೆಸರು ಕರೆದರು. ಅವನೆದ್ದು ನಿಲ್ಲುವ ಮೊದಲೇ, ರಸ್ತೆಯ ಪರವಾಗಿದ್ದ ಎಳೆ ವಯಸ್ಸಿನ ಸದಸ್ಯೆಯೊಬ್ಬಳು ಕೇಳಿದಳು. "ವರದಿ ಓದಿದೀನಿ. ಮನೆ ಅದೇ ಅನ್ನೋದ್ರಲ್ಲಿ ಏನಾದ್ರೂ ಸಂಶಯ ಇದೆಯಾ? ಒಂದು ಸಾಲು ಮನೆಗೋಸ್ಕರ ರಸ್ತೆ ತಿರುಗಿಸಬೇಕು ಅಂತಿದೀರಿ, ಅದಕ್ಕೇ ಕೇಳ್ತಿದೀನಿ."

ನಿಜ ಹೇಳಲು ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ರೋಲಂಡ್ ಬಾಯಿ ತೆರೆದ. ಅಷ್ಟರಲ್ಲಿ ಅಧ್ಯಕ್ಷ ಲಾಂಗ್‌ಮೋರ್ ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕ. "ನೀನು ಈ ಊರಿಗೆ ಹೊಸಬಳಮ್ಮಾ. ಒಂದೇ ಒಂದು ಇಸವಿ ತಪ್ಪಿದ್ದಕ್ಕೆ ಪಾಪದ ಟೀಚರಮ್ಮನ್ನ ತುಂಬಿದ ಸಭೇಲಿ ಅಳಿಸಿದ ಮನುಷ್ಯ ಈತ. ನಾನೇ ಇದ್ದೆ ಅಲ್ಲಿ, ಕೇಕು ಗಂಟಲಲ್ಲಿ ಸಿಕ್ಕಾಕ್ಕೊಂಡಿತ್ತು. ಯಾರ್ಡ್ಲಿ ನಂಬರು ತಪ್ಪೋದುಂಟಾ?" ಎಲ್ಲರೂ ನಕ್ಕರು, ಆ ಎಳೆಯ ಸದಸ್ಯೆಯೂ ನಕ್ಕಳು. ನಗು ನಿಂತ ಮೇಲೆ ಎಲ್ಲ ಮುಖಗಳೂ ಅವನ ಕಡೆ ತಿರುಗಿದವು, ಅವುಗಳಲ್ಲಿ ಅವನು ಐದು ವರ್ಷದಿಂದ ಬಯಸಿದ್ದ ಆ ಅಂಜಿಕೆ ಕಾಣುತ್ತಿತ್ತು. ಊರಿನಲ್ಲಿ ಅವನ ತಪ್ಪನ್ನು ಹಿಡಿಯಬಲ್ಲವಳು ಒಬ್ಬಳಿದ್ದಳು, ಅವಳು ವೇಲ್ಸಿನ ಮಣ್ಣಿನಲ್ಲಿದ್ದಾಳೆ.

"ನಲವತ್ತೇಳು" ಎಂದ ರೋಲಂಡ್. "ಸಂಶಯವೇ ಇಲ್ಲ."

ಗಣತಿಯ ಪುಟದ ನಕಲು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಐದು ಕೈ ಮೇಲೆದ್ದವು, ಎರಡು ಏಳಲಿಲ್ಲ. ಮುಗಿಯಿತು, ಮನೆ ಉಳಿಯಿತು. ಮುಂದಿನ ವಿಷಯ ಬೀದಿ ದೀಪಗಳದ್ದು. ಲಾಂಗ್‌ಮೋರ್ ಮೇಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದಾಗ ರೋಲಂಡನ ಎದೆಯಲ್ಲಿ ಖುಷಿ ಉಕ್ಕಿತು. ಸುಳ್ಳು ಹೇಳಿದರೆ ನಾಚಿಕೆಯಾಗುತ್ತದೆ ಎಂದು ಅವನು ಸಿದ್ಧನಾಗಿದ್ದ. ಅದಾಗದೆ, ಬಹುಮಾನ ಬಂದ ಹುಡುಗನ ಹಾಗೆ ಖುಷಿಯಾಯಿತು, ನಾಚಿಕೆಯಾದದ್ದು ಆಮೇಲೆ, ಆ ಖುಷಿಗೆ. ಅದನ್ನು ಅದುಮಲು ಅವನು ಮೆಟ್ಟಿಲಿಳಿಯುತ್ತ ತನಗೆ ತಾನೇ ಹೇಳಿಕೊಂಡ: ಒಬ್ಬ ಮುದುಕಿಗಾಗಿ ನನ್ನ ಐದು ವರ್ಷದ ವ್ರತ ಮುರಿದೆ. ಯಾರು ಮಾಡುತ್ತಾರೆ ಇಷ್ಟು? ಕೊನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಅದನ್ನು ಹೆಚ್ಚುಕಡಿಮೆ ನಂಬಿದ್ದ.

ಮಿಸೆಸ್ ಪಿನಕ್ ಬಸ್ ನಿಲ್ದಾಣದಲ್ಲಿ ನಿಂತು ಟೊಪ್ಪಿಯನ್ನು ಸರಿಮಾಡಿಕೊಳ್ಳುತ್ತಿದ್ದಳು. ಅವನು ಅವಳ ಪಕ್ಕಕ್ಕೆ ಹೋಗಿ ನಿಂತ, ಅವಳು ಏನಾದರೂ ಹೇಳಲಿ ಎಂದು ಕಾದ. ಬಸ್ಸು ತಿರುವಿನಲ್ಲಿ ಕಂಡಿತು.

"ನಿಮಗೋಸ್ಕರ" ಎಂದು ಅವನೇ ಶುರುಮಾಡಿದ.

"ಬೇಡ ಮಿಸ್ಟರ್ ಯಾರ್ಡ್ಲಿ." ಅವಳು ಅವನ ತೋಳಿನ ಮೇಲೆ ಕೈ ಇಟ್ಟಳು, ರೋಗಿಗೆ ಕೆಟ್ಟ ಸುದ್ದಿ ಹೇಳುವಾಗ ನರ್ಸುಗಳು ಇಡುವಂತೆ. "ಅದನ್ನ ಮಾತ್ರ ಹೇಳ್ಬೇಡಿ. ಮನೆ ಉಳೀತು, ನಂಗೆ ಸಂತೋಷ ಆಗಿದೆ, ರಾತ್ರಿ ನಿದ್ದೆ ಮಾಡ್ತೀನಿ. ಆದ್ರೆ ನಿಮ್ಮ ಹೆಸರು ಕರೆದಾಗಿಂದ ನಾನು ನಿಮ್ಮ ಮುಖ ನೋಡ್ತಿದ್ದೆ. ಅವರು ನಗೋವರೆಗೆ ನೀವು ನಿಜ ಹೇಳೋರಿದ್ರಿ."

ಬಸ್ಸು ಬಂದು ನಿಂತಿತು. ಅವಳು ಕಂಬಿ ಹಿಡಿದು ನಿಧಾನವಾಗಿ ಹತ್ತಿದಳು, ಅವನೂ ಹತ್ತಿದ. ಆಫೀಸು ಬಿಡುವ ಹೊತ್ತು, ಕಿಕ್ಕಿರಿದಿತ್ತು. ಅವಳು ಕೂತು, ಪಕ್ಕದಲ್ಲಿದ್ದ ಕೈಚೀಲವನ್ನು ತೊಡೆಗೆ ಎತ್ತಿಕೊಂಡು ಅವನಿಗೆ ಜಾಗ ಮಾಡಿಕೊಟ್ಟಳು. ಇಡೀ ಬಸ್ಸಿನಲ್ಲಿ ಖಾಲಿಯಿದ್ದದ್ದು ಅದೊಂದೇ ಜಾಗ. ರೋಲಂಡ್ ಮನೆಯವರೆಗೂ ನಿಂತೇ ಹೋದ.